ಎರಡನೇ ಸಲ ಕೂಗದ ಡಬ್ಬಿ

ಕೊರೋನಾದ ಗಲಾಟೆ ತಣ್ಣಗಾಗಿ ಎರಡು ವರ್ಷ ಕಳೆದಿತ್ತು. ಪುತ್ತೂರಿನ ಒಂದು ಸಣ್ಣ ಎಲೆಕ್ಟ್ರಾನಿಕ್ಸ್ ಕಂಪನಿಯಲ್ಲಿ ನಾನು ಪರೀಕ್ಷಾ ವಿಭಾಗದ ಮುಖ್ಯಸ್ಥೆ. ವಿಭಾಗ ಎಂದರೆ ದೊಡ್ಡದಾಗಿ ಕೇಳಿಸುತ್ತದೆ. ಒಂದು ಉದ್ದದ ಮೇಜು, ಎರಡು ಕಂಪ್ಯೂಟರ್ ಮತ್ತು ನಾನು, ಅಷ್ಟೇ. ಬೇರೆಯವರು ಮಾಡಿದ್ದನ್ನು ಕೆಡಿಸಲು ಸಾಧ್ಯವೇ ಎಂದು ನೋಡುವುದು ನನ್ನ ಕೆಲಸ. ಮೂಗಿನ ತುದಿಯಲ್ಲೇ ಕೋಪ ಇರುವವಳಿಗೆ ಇದಕ್ಕಿಂತ ಒಳ್ಳೆಯ ಉದ್ಯೋಗ ಸಿಗಲಿಕ್ಕಿಲ್ಲ ಎಂದು ನನ್ನ ಗಂಡ ಈಗಲೂ ಹೇಳುವುದುಂಟು.

ಆ ವರ್ಷ ನಾವು ತಯಾರಿಸುತ್ತಿದ್ದದ್ದು ಆನೆ ಬಂದರೆ ಕೂಗುವ ಡಬ್ಬಿ. ಗುತ್ತಿಗಾರು, ಕೊಲ್ಲಮೊಗ್ರು ಕಡೆಯ ಕಾಡಂಚಿನ ಮನೆಗಳಿಗೆಂದು ಅಲ್ಲಿನ ರಬ್ಬರ್ ಬೆಳೆಗಾರರ ಒಂದು ಗುಂಪು ಮಾಡಿಸಿಕೊಂಡದ್ದು. ಆನೆ ಕಂಡ ಕಾವಲುಗಾರ ತನ್ನ ಕೈಯ ರೇಡಿಯೋದಲ್ಲಿ ಒಂದು ಗುಂಡಿ ಒತ್ತಿದರೆ ಸುತ್ತಲಿನ ಮನೆಗಳ ಜಗಲಿಯಲ್ಲಿ ನೇತುಹಾಕಿದ ಡಬ್ಬಿಗಳು ಸೈರನ್ ಹಾಕಬೇಕು. ಮೊಬೈಲ್ ಸಿಗ್ನಲ್ ನಂಬಿ ಕೂರುವ ಜಾಗ ಅದಲ್ಲ, ಹಾಗಾಗಿ ರೇಡಿಯೋ. ಡಬ್ಬಿಗೆ ಕರೆಂಟು ಸೋಲಾರ್‌ನಿಂದ. ಮರಗಳ ನೆರಳಲ್ಲಿ ಬ್ಯಾಟರಿ ಪೂರ್ತಿ ತುಂಬುವುದಿಲ್ಲವಾದ್ದರಿಂದ ಹಗಲು ಚಾರ್ಜ್‌ಗೆ ಬಿಟ್ಟು, ಸಂಜೆ ಮನೆಯವರೇ ಸ್ವಿಚ್ ಹಾಕಿ, ಬೆಳಿಗ್ಗೆ ಆರಿಸುವ ಕ್ರಮ.

ನಮ್ಮ ಕಡೆಯ ಮನೆಗಳು ಒಂದಕ್ಕೊಂದು ಅಂಟಿಕೊಂಡಿರುವುದಿಲ್ಲ. ಆಚೆ ಗುಡ್ಡದವರನ್ನು ಕರೆಯಬೇಕಾದರೆ ಅಂಗಳದ ತುದಿಗೆ ಬಂದು ಕೂ ಹಾಕುವುದು. ನಾನು ಹುಟ್ಟಿ ಬೆಳೆದ ಕಡಬದಲ್ಲೂ ಇದೇ ರೂಢಿ. ಒಂದು ಕೂ ಎಂದರೆ ಸುಮ್ಮನೆ ಕರೆ. ಕೇಳಿದವರು ತಿರುಗಿ ಒಂದು ಕೂ ಹಾಕಿ, ಕೈಯಲ್ಲಿದ್ದ ಕೆಲಸ ಮುಗಿಸಿ ಬಂದರೂ ಆಯಿತು. ಆದರೆ ಉತ್ತರಕ್ಕೂ ಕಾಯದೆ ಎರಡನೇ ಕೂ ಬಂತೆಂದರೆ ಏನೋ ಕೆಟ್ಟದ್ದಾಗಿದೆ ಎಂದರ್ಥ. ಆಗ ಒಲೆಯ ಮೇಲೆ ಹಾಲಿಟ್ಟಿದ್ದರೂ ಬಿಟ್ಟು ಓಡುತ್ತಾರೆ. ಡಬ್ಬಿಯೂ ಹಾಗೇ ಇರಲಿ ಎಂದರು ಬೆಳೆಗಾರರು. ಪ್ರತಿ ಸಂಜೆ ಕಾವಲುಗಾರ ಒಂದು ಪರೀಕ್ಷಾ ಸಂದೇಶ ಕಳಿಸುವುದು, ಡಬ್ಬಿ ಒಮ್ಮೆ ಕೂಗುವುದು. ಅದಾದ ಮೇಲೆ ಎರಡನೇ ಸಲ ಕೂಗಿದರೆ ಆನೆ. ಆನೆ ಇಲ್ಲದೆ ಎರಡು ಸಲ ಕೂಗಿಸಬಾರದು ಎಂಬುದನ್ನು ಮಾತ್ರ ನಮ್ಮ ಕೈಹಿಡಿದು ಹೇಳಿದ್ದರು.

ಮೊದಲ ಡಬ್ಬಿಗಳಿಗೆ ಯಾರು ಗುಂಡಿ ಒತ್ತಿದರೂ ಕೂಗುವ ಚಟ. ಎಲ್ಲಿಂದಲೋ ರೇಡಿಯೋ ತಂದ ಕಿಡಿಗೇಡಿಗಳು ತಮಾಷೆಗೆಂದು ಕೂಗಿಸತೊಡಗಿದಾಗ ಜನರಿಗೆ ಅದರ ಮೇಲಿನ ನಂಬಿಕೆ ಹಾರಿಹೋಯಿತು. ಆದ್ದರಿಂದ ಎರಡನೇ ಮಾದರಿಯಲ್ಲಿ ಡಿಜಿಟಲ್ ಸಹಿ ತಂದೆವು. ಕಾವಲುಗಾರನ ರೇಡಿಯೋ ತನ್ನ ಸಂದೇಶಕ್ಕೆ, ಅದರಲ್ಲಿನ ಸಮಯವನ್ನೂ ಸೇರಿಸಿ, ಸಹಿ ಹಾಕುತ್ತದೆ. ಡಬ್ಬಿ ತನ್ನ ಬಳಿ ಇರುವ ಒಂದು ಕೀಲಿಯಿಂದ, ಅಂದರೆ ಒಂದು ದೊಡ್ಡ ಸಂಖ್ಯೆಯಿಂದ, ಆ ಸಹಿಯನ್ನು ತಾಳೆ ನೋಡುತ್ತದೆ. ತಾಳೆಯಾದರೆ ಕೂಗು, ಆಗದಿದ್ದರೆ ಯಾರದ್ದೋ ಕಿತಾಪತಿ ಎಂದು ಸುಮ್ಮನಿರು.

ಈ ತಾಳೆ ನೋಡುವುದೇ ದೊಡ್ಡ ಲೆಕ್ಕ. ಡಬ್ಬಿಯೊಳಗಿನ ಬೆರಳುಗುರಿನಷ್ಟು ಚಿಪ್‌ಗೆ ಒಮ್ಮೆಗೆ ಹತ್ತು ಅಂಕಿಯ ಸಂಖ್ಯೆ ಹಿಡಿದರೆ ಹೆಚ್ಚು. ಸಹಿಯ ಲೆಕ್ಕದಲ್ಲಿ ಬರುವ ಸಂಖ್ಯೆಗಳೋ ಎಪ್ಪತ್ತಕ್ಕಿಂತ ಹೆಚ್ಚು ಅಂಕಿಯವು. ಅಂಥವನ್ನು ತುಂಡು ತುಂಡಾಗಿ ಸಾಲಿನಲ್ಲಿಟ್ಟು, ಶಾಲೆಯಲ್ಲಿ ಕಲಿತ ಹಾಗೆ ದಶಕ ಎತ್ತಿಕೊಂಡು ಗುಣಿಸುವ ಸಿ ಭಾಷೆಯ ಒಂದು ಲೈಬ್ರರಿ ಬಳಸಿದೆವು. ಲೈಬ್ರರಿ ಎಂದರೆ ಬೇರೆ ಪ್ರೋಗ್ರಾಂಗಳು ಕರೆದು ಕೆಲಸ ಮಾಡಿಸಿಕೊಳ್ಳುವ ಸಿದ್ಧ ಕೋಡ್. ತುಂಡು ಎಷ್ಟು ಅಗಲ, ಅತಿ ದೊಡ್ಡ ಸಂಖ್ಯೆಗೆ ಎಷ್ಟು ತುಂಡು ಜಾಗ, ವೇಗ ಮುಖ್ಯವೋ ಗಾತ್ರ ಚಿಕ್ಕದಿರುವುದು ಮುಖ್ಯವೋ, ಇದೆಲ್ಲ ಕಂಪೈಲ್ ಮಾಡುವಾಗಲೇ, ಅಂದರೆ ಕೋಡನ್ನು ಚಿಪ್‌ನ ಭಾಷೆಗೆ ಇಳಿಸುವಾಗಲೇ, ತೀರ್ಮಾನವಾಗಬೇಕು. ಹೆಡರ್ ಎಂಬ ಸಣ್ಣ ಫೈಲ್‌ನಲ್ಲಿ ಕೆಲವೇ ಸಾಲು ಬರೆದಿಟ್ಟರೆ ಮುಗಿಯಿತು. ಆಮೇಲೆ ಚಿಪ್‌ನೊಳಗೆ ಆ ಸಾಲುಗಳ ಗುರುತೂ ಉಳಿಯುವುದಿಲ್ಲ.

ಲೈಬ್ರರಿಯ ಕೆಲಸ ಪುತ್ತೂರಿನಲ್ಲಿ ಇಕ್ಬಾಲ್‌ನದು. ಚುರುಕು ಹುಡುಗ, ಕೆಲಸದಲ್ಲಿ ಬಹಳ ಶಿಸ್ತು. ಮನೆ ಮನೆಗೂ ಬೇರೆ ಗುರುತು ತುಂಬಿಸಬೇಕಾದ್ದರಿಂದ ಡಬ್ಬಿಯ ಮುಖ್ಯ ಪ್ರೋಗ್ರಾಂ ಮಾತ್ರ ಸುಳ್ಯದ ನಮ್ಮ ಸರ್ವೀಸ್ ಅಂಗಡಿಯಲ್ಲಿ ಕಂಪೈಲ್ ಆಗುತ್ತಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವನು ದೇವಿಪ್ರಸಾದ್. ಇಕ್ಬಾಲ್ ಲೈಬ್ರರಿಯನ್ನು ಸಿದ್ಧಪಡಿಸಿ ಕಳಿಸುವುದು, ದೇವಿಪ್ರಸಾದ್ ಅದಕ್ಕೆ ಪ್ರೋಗ್ರಾಂ ಜೋಡಿಸಿ ಡಬ್ಬಿಗೆ ತುಂಬಿಸುವುದು. ಪುತ್ತೂರಿನ ನನ್ನ ಮೇಜಿನ ಮೇಲಿದ್ದ, ಇಕ್ಬಾಲನೇ ಎಲ್ಲವನ್ನೂ ಕಂಪೈಲ್ ಮಾಡಿ ತುಂಬಿಸಿದ್ದ ಡಬ್ಬಿಯನ್ನು ನಾನು ಕೂಗಿಸಿ ಕೂಗಿಸಿ ಪಕ್ಕದ ಹೊಲಿಗೆ ಅಂಗಡಿಯವರ ಬೈಗುಳ ತಿಂದಿದ್ದೆ. ಒಂದೇ ಒಂದು ಸಲವೂ ಅದು ಕೈಕೊಟ್ಟಿರಲಿಲ್ಲ.

ಮಳೆ ಸ್ವಲ್ಪ ಬಿಟ್ಟ ಮೇಲೆ ಒಂದು ದಿನ ಗುತ್ತಿಗಾರಿನಿಂದ ಫೋನ್ ಬಂತು. ಲಲಿತಾ ಎಂಬವರ ಮನೆಯ ಡಬ್ಬಿ ಕೂಗಲಿಲ್ಲ, ಆನೆ ಅವರ ಎದುರೇ ನಿಂತಿತ್ತು ಎಂದರು. ಆಯಮ್ಮನಿಗೆ ಏನಾಯಿತು ಎಂದು ಎದ್ದು ನಿಂತು ಕೇಳಿದೆ. ಏನೂ ಆಗಿಲ್ಲ ಎಂದು ಗೊತ್ತಾದ ಮೇಲೆಯೇ ನಾನು ಕುರ್ಚಿಯಲ್ಲಿ ಕೂತದ್ದು. ಮರುದಿನ ಬೆಳಿಗ್ಗೆಯ ಬಸ್ಸಿಗೆ ಹೊರಟೆ.

ಲಲಿತಕ್ಕ ರಬ್ಬರ್ ಟ್ಯಾಪಿಂಗ್ ಮಾಡುವವರು. ಬೆಳಕು ಹರಿಯುವ ಮೊದಲೇ ಹಣೆಗೆ ದೀಪ ಕಟ್ಟಿ, ಮರದ ತೊಗಟೆ ಗೀರಿ ಹಾಲು ಇಳಿಸುವ ಕೆಲಸ. ಹೊತ್ತೇರಿದರೆ ಹಾಲು ಸರಿಯಾಗಿ ಇಳಿಯುವುದಿಲ್ಲ, ಆದ್ದರಿಂದ ಆನೆ ಓಡಾಡುವ ಹೊತ್ತಿಗೇ ಅವರೂ ಹೋಗಬೇಕು. ಕಾಡಿನ ಬದಿಯ ಸಾಲುಗಳನ್ನು ಬೇರೆ ಯಾರೂ ಒಪ್ಪಿಕೊಳ್ಳದಿದ್ದಾಗ ಡಬ್ಬಿಯ ಧೈರ್ಯದ ಮೇಲೆ ಒಪ್ಪಿಕೊಂಡವರು ಅವರು. ನಾನು ಹೋದಾಗ ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದರು. ಇನ್ನು ಇದೇ ಗತಿ, ಮರದ ಹತ್ತಿರ ಹೋಗುವುದಿಲ್ಲ ಎಂದರು. ಸಿಡಿಮಿಡಿ ಇರಲಿಲ್ಲ, ಕೂರಲು ಚಾಪೆ ಕೊಟ್ಟು ಬೆಲ್ಲ-ನೀರು ತಂದಿಟ್ಟರು. ಆಮೇಲೆ ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ.

"ಮೇಡಂ, ನಿಮ್ಮ ಡಬ್ಬಿ ಇಲ್ಲದಿದ್ದರೆ ನಾನು ಕಿವಿ ಕೊಟ್ಟು, ನಿಂತು ನಿಂತು ಹೋಗ್ತಿದ್ದೆ. ಆಚೆ ಗುಡ್ಡೆಯಲ್ಲಿ ಕುಶಾಲಪ್ಪಣ್ಣನ ಡಬ್ಬಿ ಕೂಗಿದ್ದು ನನಗೆ ಕೇಳಿತ್ತು. ನಂದು ಸುಮ್ಮನೆ ಉಂಟಲ್ಲ, ಹಾಗಾದ್ರೆ ಆನೆ ಆಚೆ ಬದಿ ಅಂತ ಹೋದೆ. ಹೋದ್ರೆ ನನ್ನ ಸಾಲಿನಲ್ಲೇ ನಿಂತಿತ್ತು."

ಬಕೆಟ್ ಬಿಸಾಡಿ ಓಡಿ ಬಂದಿದ್ದರು. ಚಪ್ಪಟೆಯಾದ ಆ ಬಕೆಟ್ಟು ಅಂಗಳದ ಮೂಲೆಯಲ್ಲಿತ್ತು. ನಾನು ನೀರಿನ ಲೋಟ ಕೆಳಗಿಟ್ಟೆ. ಡಬ್ಬಿ ಕೆಟ್ಟು ನಿಂತಿದ್ದರೆ ಅದೊಂದು ಕಥೆ. ಇದು ಆನೆ ಇಲ್ಲ ಎಂದು ಹೇಳಿ ಅವರನ್ನು ಆನೆಯ ಬಾಯಿಗೆ ಕಳಿಸಿದ ಹಾಗಾಯಿತು. ಕಂಪನಿಯ ಹೆಸರು, ಬೆಳೆಗಾರರ ಆರ್ಡರ್, ಇದೆಲ್ಲ ಆ ಕ್ಷಣದಲ್ಲಿ ನನಗೆ ಕಸಕ್ಕೆ ಸಮ. ಈ ಹೆಂಗಸು ಮತ್ತೆ ಹೆದರದೆ ತನ್ನ ಮರಗಳ ಹತ್ತಿರ ಹೋಗುವಂತಾಗಬೇಕು, ಅದಾಗುವವರೆಗೆ ನಾನು ಈ ಡಬ್ಬಿಯನ್ನು ಬಿಡುವುದಿಲ್ಲ ಎಂದುಕೊಂಡೆ.

ಡಬ್ಬಿ ಬಿಚ್ಚಿ ನೋಡಿದೆ. ಬ್ಯಾಟರಿ ಸರಿ, ಆಂಟೆನಾ ಸರಿ. ಸ್ವಿಚ್ ಹಾಕಿ ಕಾವಲುಗಾರನಿಗೆ ಹೇಳಿ ಪರೀಕ್ಷಾ ಸಂದೇಶ ಕಳಿಸಿದರೆ ಗಂಟಲು ಬಿಚ್ಚಿ ಕೂಗಿತು. ಲಲಿತಕ್ಕ ನನ್ನ ಮುಖ ನೋಡಿದರು. ದಿನಾ ಸಂಜೆ ಹೀಗೇ ಕೂಗುತ್ತದೆ, ಒಂದು ದಿನವೂ ತಪ್ಪಿಸದೆ ದೀಪ ಹಚ್ಚುವ ಮೊದಲು ತಾನೇ ಸ್ವಿಚ್ ಹಾಕಿ ಕೂಗು ಕೇಳಿಸಿಕೊಳ್ಳುತ್ತೇನೆ, ಆನೆ ಬಂದ ಹಿಂದಿನ ಸಂಜೆಯೂ ಕೂಗಿತ್ತು ಎಂದರು. ನಾನು ತಲೆ ಕೆರೆದುಕೊಂಡು ಆಚೆ ಗುಡ್ಡದ ಕುಶಾಲಪ್ಪಣ್ಣನ ಮನೆ ಹತ್ತಿದೆ.

ಕುಶಾಲಪ್ಪಣ್ಣ ಉದಾಸೀನದ ಮನುಷ್ಯ. ಡಬ್ಬಿಯ ಮೇಲೆ ಜೇಡರ ಬಲೆ, ಸೋಲಾರ್ ಹಲಗೆಯ ಮೇಲೆ ಒಣಗಲು ಹಾಕಿದ ಬನಿಯನ್. ಆದರೂ ಆನೆ ಬಂದ ಆ ದಿನ ಇವರ ಡಬ್ಬಿ ಕೂಗಿದೆ. ಅದರದ್ದೇ ಗರ್ವ ಅವರಿಗೆ.

"ನಮ್ಮದಕ್ಕೆ ಎಂತ ಆಗ್ಲಿಲ್ಲ ಮಾರಾಯ್ರೆ," ಎಂದರು. "ಸಂಜೆ ಅದು ಕೂಗಿದ್ರೆ ನಮ್ಮ ನಾಯಿ ಊರಿಗೆ ಊರೇ ಎಬ್ಬಿಸ್ತದೆ. ಹಾಗೆ ನಾನು ಆ ಟೆಸ್ಟಿಂಗ್ ಎಲ್ಲ ಮುಗಿದ ಮೇಲೆಯೇ ಸ್ವಿಚ್ ಹಾಕುದು. ಅಷ್ಟೆಲ್ಲ ಉಪಚಾರ ಮಾಡಿದ್ರೆ ಮೆಷಿನ್ ಹಾಳಾಗ್ತದೆ."

ನಗು ಬಂತು, ಕೋಪವೂ ಬಂತು. ಶ್ರದ್ಧೆಯಿಂದ ನೋಡಿಕೊಂಡವರ ಡಬ್ಬಿ ಮೂಕ, ಕ್ಯಾರೇ ಅನ್ನದವರ ಡಬ್ಬಿ ಗಟ್ಟಿ! ಗುಡ್ಡ ಇಳಿಯುತ್ತಾ ಅದನ್ನೇ ಮೆಲುಕು ಹಾಕುತ್ತಿದ್ದವಳು ಅರ್ಧ ದಾರಿಯಲ್ಲಿ ನಿಂತುಬಿಟ್ಟೆ. ಕುಶಾಲಪ್ಪಣ್ಣನ ಡಬ್ಬಿಗೆ ಆನೆಯ ಸಂದೇಶವೇ ಸ್ವಿಚ್ ಹಾಕಿದ ಮೇಲಿನ ಮೊದಲ ಸಂದೇಶ. ಲಲಿತಕ್ಕನ ಡಬ್ಬಿಗೆ ಅದು ಎರಡನೆಯದು. ಬೆಳಿಗ್ಗೆ ಆರಿಸಿ ಸಂಜೆ ಹಾಕಿದಾಗ ಎಲ್ಲ ಡಬ್ಬಿಗಳೂ ಹೊಸದಾಗಿ ಶುರುವಾಗುತ್ತವೆ. ಸ್ವಿಚ್ ಹಾಕಿದ ಮೇಲೆ ಎರಡನೇ ಸಂದೇಶಕ್ಕೆ ಅವು ಕೂಗುತ್ತವೆಯೇ ಎಂದು ಇಲ್ಲಿ ಯಾರೂ ನೋಡಿಯೇ ಇರಲಿಲ್ಲ. ನೋಡುವ ಹಾಗೂ ಇರಲಿಲ್ಲ. ಎರಡನೇ ಕೂಗು ಎಂದರೆ ಊರೇ ಓಡಿ ಬರುವ ಕೂಗಲ್ಲವೇ?

ಆಗಲೇ ಇನ್ನೊಮ್ಮೆ ಕಳಿಸಲು ಕಾವಲುಗಾರನನ್ನು ಕೇಳಿಕೊಂಡೆ. ಅವನು ಕೈಮುಗಿದ. ಜನ ಸುಮ್ಮನೆ ಓಡಿ ಬಂದರೆ ನಾಳೆ ನಿಜವಾದ ಕೂಗಿಗೂ ಬರುವುದಿಲ್ಲ ಎಂಬುದು ಅವನ ವಾದ, ಅದು ಸರಿಯಾದ ವಾದವೇ. ಲಲಿತಕ್ಕನ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಸುಳ್ಯಕ್ಕೆ ಬಂದೆ.

ಸರ್ವೀಸ್ ಅಂಗಡಿಯಲ್ಲಿ ದೇವಿಪ್ರಸಾದ್ ಸೈರನ್ನಿಗೆ ಬಟ್ಟೆ ಸುತ್ತಿದ. ಮೊದಲ ಸಂದೇಶ, ಕೂಗಿತು. ಎರಡನೆಯದು, ಸದ್ದಿಲ್ಲ. ಆರಿಸಿ ಹಾಕಿದೆವು, ಕೂಗಿತು. ಮತ್ತೊಂದು ಕಳಿಸಿದೆವು, ಸದ್ದಿಲ್ಲ. ದೇವಿಪ್ರಸಾದನ ಮುಖ ಸಪ್ಪಗಾಯಿತು, ನನಗೋ ಕುಣಿಯುವಷ್ಟು ಖುಷಿ. ಕರೆದಾಗ ಬಂದು ನಿಲ್ಲುವ ದೋಷ ಸಿಕ್ಕಿತೆಂದರೆ ಅರ್ಧ ಕೆಲಸ ಮುಗಿದ ಹಾಗೆ. ಒಳಗಿನ ದಾಖಲೆ ತೆಗೆದು ನೋಡಿದರೆ, ಎರಡನೇ ಸಂದೇಶ ಬಂದು ಮುಟ್ಟಿತ್ತು. ಸಹಿ ಸುಳ್ಳು ಎಂದು ಡಬ್ಬಿಯೇ ತಳ್ಳಿಹಾಕಿತ್ತು.

ಅದೇ ಕೋಡ್, ಅದೇ ಲೈಬ್ರರಿ ನನ್ನ ಪುತ್ತೂರಿನ ಡಬ್ಬಿಯಲ್ಲಿ ಯಾಕೆ ಸರಿ? ಇಕ್ಬಾಲನಿಗೆ ಫೋನ್ ಹಚ್ಚಿ, ಅವನ ಹೆಡರ್ ಫೈಲನ್ನು ಸಾಲು ಸಾಲಾಗಿ ಓದಿಸಿದೆ, ಸುಳ್ಯದ್ದನ್ನು ನಾನು ಓದಿದೆ. ಅತಿ ದೊಡ್ಡ ಸಂಖ್ಯೆಗೆ ಎಷ್ಟು ತುಂಡು ಜಾಗ ಎಂಬ ಸಾಲಿಗೆ ಬಂದಾಗ ಇಬ್ಬರ ಉತ್ತರವೂ ಬೇರೆಯಾಯಿತು. ತಾಳೆ ನೋಡುವ ಕೆಲಸ ಬೇಗ ಆಗಲಿ ಎಂದು ಇಕ್ಬಾಲ್ ಲೆಕ್ಕದ ವಿಧಾನ ಬದಲಾಯಿಸಿ, ಅದಕ್ಕೆ ಬೇಕಾದಷ್ಟು ಜಾಗ ಹೆಚ್ಚಿಸಿದ್ದ. ಹೊಸ ಲೈಬ್ರರಿಯನ್ನು ಸುಳ್ಯಕ್ಕೆ ಕಳಿಸಿದ್ದ. ಹೆಡರ್ ಮಾತ್ರ ಸುಳ್ಯದಲ್ಲಿ ಹಳೆಯದೇ ಉಳಿದಿತ್ತು. ಜೋಡಿಸುವಾಗ ಕಂಪ್ಯೂಟರ್ ತುಟಿ ಪಿಟಿಕ್ಕೆನ್ನಲಿಲ್ಲ, ಯಾಕೆಂದರೆ ಅದಕ್ಕೆ ಎರಡೂ ಸರಿಯಾಗಿಯೇ ಕಂಡಿದ್ದವು.

ಅಕ್ಕಿ ಅಳೆಯುವುದನ್ನು ನೆನೆಸಿಕೊಳ್ಳಿ. ಪ್ರೋಗ್ರಾಂ ಸಣ್ಣ ಸೇರಿನ ಲೆಕ್ಕದಲ್ಲಿ ಪಾತ್ರೆ ಇಟ್ಟಿದೆ. ಲೈಬ್ರರಿ ದೊಡ್ಡ ಸೇರಿನಲ್ಲಿ ಅಳೆದು ಸುರಿಯುತ್ತಿದೆ. ಹೆಚ್ಚಾದದ್ದು ಪಕ್ಕದ ಪಾತ್ರೆಗೆ ಚೆಲ್ಲುತ್ತದೆ. ನಮ್ಮ ಡಬ್ಬಿಯ ಮೆಮೊರಿಯಲ್ಲಿ ಆ ಪಕ್ಕದ ಜಾಗದಲ್ಲಿ ಇದ್ದದ್ದು ಸಹಿ ತಾಳೆ ನೋಡುವ ಕೀಲಿಯೇ. ಮೊದಲ ಸಲ ಕೀಲಿ ಓದಿ ಲೆಕ್ಕ ಮುಗಿಸಿ ಉತ್ತರ ಬರೆಯುವಾಗ ಹೆಚ್ಚಾದದ್ದು ಚೆಲ್ಲಿ ಕೀಲಿಯ ಅಂಚು ಕೆಡುತ್ತದೆ. ಎರಡನೇ ಸಲ ಕೆಟ್ಟ ಕೀಲಿಯಲ್ಲಿ ನೋಡಿದರೆ ಕಾವಲುಗಾರನ ಸಾಚಾ ಸಹಿಯೂ ಕಳ್ಳ ಸಹಿ. ಆರಿಸಿ ಹಾಕಿದಾಗ ಕೀಲಿ ಮತ್ತೆ ಹೊಸದಾಗಿ ಬರುವುದರಿಂದ ಎಲ್ಲವೂ ಸರಿ. ಕಿಡಿಗೇಡಿಗಳನ್ನು ತಡೆಯಲು ತಂದ ಜಾಣತನ ಲಲಿತಕ್ಕನನ್ನೇ ಬಲಿ ಕೊಡುವುದರಲ್ಲಿತ್ತು.

ತಪ್ಪು ಯಾರದ್ದು ಎಂದು ಇಬ್ಬರು ಹುಡುಗರೂ ಫೋನಿನಲ್ಲೇ ಶುರುಮಾಡಿದರು. ನಾನು ಕಳಿಸಿದ್ದೇನೆ ಎಂದು ಇಕ್ಬಾಲ್, ಹೆಡರ್ ಬದಲಾಗಿದೆ ಎಂದು ಹೇಳಲೇ ಇಲ್ಲ ಎಂದು ದೇವಿಪ್ರಸಾದ್. ಆ ಚಪ್ಪಟೆಯಾದ ಬಕೆಟ್ಟಿನ ಫೋಟೋ ಇಬ್ಬರಿಗೂ ಕಳಿಸಿದೆ. ಆಮೇಲೆ ಮಾತು ನಿಂತು ಕೆಲಸ ಶುರುವಾಯಿತು.

ಸುಳ್ಯದ ಹೆಡರ್ ಬದಲಿಸಿದರೆ ಅಂದಿನ ಮಟ್ಟಿಗೆ ಮುಗಿಯುತ್ತಿತ್ತು. ನನಗೆ ಅದು ಸಾಲಲಿಲ್ಲ. ಇನ್ನೊಂದು ವರ್ಷ ಬಿಟ್ಟು ಇನ್ಯಾರೋ ಇನ್ನೊಂದು ಸಾಲು ಬದಲಿಸುತ್ತಾರೆ, ಇನ್ನೊಬ್ಬರ ಬಕೆಟ್ಟು ಚಪ್ಪಟೆಯಾಗುತ್ತದೆ. ಕೂ ಹಾಕಿದರೆ ಮರುಕೂ ಬರುವವರೆಗೆ ಕೇಳಿಸಿತು ಎಂದು ನಾವು ನಂಬುವುದಿಲ್ಲವಲ್ಲ, ಇವರಿಬ್ಬರೂ ಹಾಗೇ ಮಾಡಲಿ ಎಂದೆ. ಇಕ್ಬಾಲನಿಗೆ ತಟ್ಟನೆ ಹೊಳೆಯಿತು. ಲೈಬ್ರರಿ ತಾನು ಯಾವ ಅಳತೆಯಲ್ಲಿ ಕಂಪೈಲ್ ಆಗಿದ್ದೇನೆ ಎಂದು ಕೇಳಿದಾಗ ಹೇಳುವಂತೆ ಬರೆದ. ದೇವಿಪ್ರಸಾದ್ ಅದನ್ನು ಕೇಳಿ ತನ್ನ ಅಳತೆಯೊಂದಿಗೆ ಹೋಲಿಸುವ ಕೋಡನ್ನು ಪ್ರೋಗ್ರಾಂನ ಬಾಗಿಲಲ್ಲೇ ಇಟ್ಟ. ಸ್ವಿಚ್ ಹಾಕಿದ ಕೂಡಲೇ ಒಬ್ಬರು ಕೇಳುವುದು, ಇನ್ನೊಬ್ಬರು ಹೇಳುವುದು. ಹೊಂದದಿದ್ದರೆ ಕೆಂಪು ದೀಪ ಹತ್ತಿ ಡಬ್ಬಿ ಕೆಲಸವನ್ನೇ ಶುರುಮಾಡುವುದಿಲ್ಲ. ಸಹಿ ಸುಳ್ಳೆಂದು ಸಂದೇಶ ತಳ್ಳಿದಾಗಲೂ ಇನ್ನು ಮೇಲೆ ಹಳದಿ ದೀಪ ಹತ್ತಬೇಕು. ಆ ದೀಪ ಕಂಡರೆ ಸಂಶಯ ಎಂದು ಮನೆಯವರಿಗೆ ತಿಳಿದರೆ ಸಾಕು.

ಡಬ್ಬಿಗಳನ್ನೆಲ್ಲ ಬದಲಿಸಿ ಲಲಿತಕ್ಕನ ಜಗಲಿಗೆ ನಾನೇ ಹೋಗಿ ನೇತುಹಾಕಿದೆ. ಸಂಜೆಯ ಕೂಗು ಸರಿಯಾಗಿ ಬಂತು. ಅವರು ಬೀಡಿಯ ಮೊರದಿಂದ ತಲೆ ಎತ್ತಲಿಲ್ಲ.

"ಒಂದು ಸಲ ಅದು ಯಾವಾಗ್ಲೂ ಕೂಗ್ತದೆ ಮೇಡಂ," ಎಂದರು. "ನನಗೆ ಎರಡನೇ ಸಲ ಕೇಳ್ಬೇಕು."

ಸರಿಯಾದ ಮಾತು. ಆದರೆ ಊರ ಕಟ್ಟಳೆ? ಕಾವಲುಗಾರ, ಬೆಳೆಗಾರರು ಜಗಲಿಯಲ್ಲೇ ಮಾತಾಡಿಕೊಂಡರು. ಮರುದಿನ ಸಂಜೆಗೆ ಎಂದು ವಾಟ್ಸಾಪಿನಲ್ಲಿ ಸುದ್ದಿ ಹಾಕಿದರು. ನಾಳೆ ಡಬ್ಬಿ ಎರಡನೇ ಸಲವೂ ಕೂಗುತ್ತದೆ, ಆನೆ ಇಲ್ಲ, ಯಾರೂ ಓಡಬೇಡಿ. ಕೂಗು ಕೇಳಿದವರು ಅಂಗಳಕ್ಕೆ ಬಂದು ಮರುಕೂ ಹಾಕಿ. ಸಿಗ್ನಲ್ ಸಿಗದ ಮನೆಗಳಿಗೆ ಕುಶಾಲಪ್ಪಣ್ಣನೇ ನಡೆದು ಹೋಗಿ ಹೇಳಿ ಬಂದರಂತೆ. ಆ ಮನುಷ್ಯ ಅಷ್ಟು ನಡೆದದ್ದನ್ನು ಯಾರೂ ಕಂಡಿರಲಿಲ್ಲ ಎಂದು ಊರೆಲ್ಲ ತಮಾಷೆ.

ಮರುದಿನ ಲಲಿತಕ್ಕ ಅಂಗಳದ ತುದಿಯಲ್ಲಿ ನಿಂತಿದ್ದರು, ಸೆರಗು ಬಿಗಿಯಾಗಿ ಸಿಕ್ಕಿಸಿಕೊಂಡು. ಮೊದಲ ಕೂಗು ಬಂತು. ಆಚೆ ಈಚೆ ಗುಡ್ಡಗಳಿಂದ ಒಂದೊಂದಾಗಿ ಮರುಕೂ ಬಂದವು. ಎಲ್ಲ ನಿಂತ ಮೇಲೆ ಕಾವಲುಗಾರ ಎರಡನೇ ಸಂದೇಶ ಕಳಿಸಿದ. ತಲೆಯ ಮೇಲೇ ಡಬ್ಬಿ ಬೊಬ್ಬೆ ಹೊಡೆಯಿತು. ಲಲಿತಕ್ಕ ಬಾಯಿಗೆ ಕೈ ಅಡ್ಡ ಹಿಡಿದು, ನಾನು ಬೆಚ್ಚಿ ಬೀಳುವಷ್ಟು ಜೋರಾಗಿ ಮರುಕೂ ಹಾಕಿದರು. ಕೆಳಗಿನ ಮನೆಗಳಿಂದಲೂ ಬಂತು, ಕುಶಾಲಪ್ಪಣ್ಣನ ಮನೆಯಿಂದ ನಾಯಿಯ ಸ್ವರವೂ ಸೇರಿ ಬಂತು. ಎಲ್ಲರೂ ನಕ್ಕರು. ನನಗೆ ಕಣ್ಣು ತುಂಬಿತ್ತು, ಬ್ಯಾಗಿನಲ್ಲಿ ಏನೋ ಹುಡುಕುವ ನೆಪ ಮಾಡಿದೆ.

ಅಂದಿನಿಂದ ಅಲ್ಲಿ ಕ್ರಮ ಬದಲಾಗಿದೆ. ಸಂಜೆ ಎರಡು ಪರೀಕ್ಷಾ ಸಂದೇಶ, ನಡುವೆ ಮನೆಯವರ ಮರುಕೂ. ಆನೆ ಬಂದರೆ ಮಾತ್ರ ನಿಲ್ಲದೆ ಕೂಗುವುದು. ನಾನು ಈಗ ಆ ಕಂಪನಿಯಲ್ಲಿಲ್ಲ. ಅಜ್ಜಾವರದ ಗಂಡನ ಮನೆಯಿಂದಲೇ ಸಣ್ಣಪುಟ್ಟ ಪರೀಕ್ಷಾ ಕೆಲಸ ಮಾಡಿಕೊಡುತ್ತೇನೆ. ಯಾರೇ ಹೊಸ ಸಾಮಾನು ತಂದು ಸರಿಯಾಗಿದೆ ಎಂದರೂ ಇನ್ನೊಮ್ಮೆ ಮಾಡಿ ತೋರಿಸಿ ಎನ್ನುತ್ತೇನೆ. ಒಮ್ಮೆ ಸರಿಯಾದದ್ದನ್ನು ಸರಿ ಎಂದು ಒಪ್ಪಿಕೊಳ್ಳುವುದು ಬಹಳ ಸುಲಭ. ಕಟ್ಟುವಾಗ ಮಾಡಿದ ತೀರ್ಮಾನಗಳು ಕಟ್ಟಿದ ಮೇಲೆ ಕಣ್ಣಿಗೆ ಬೀಳುವುದಿಲ್ಲ, ಹಾಗಾಗಿ ಕೇಳಿಯೇ ತಿಳಿಯಬೇಕು, ಉತ್ತರ ಬರುವವರೆಗೆ ಕಾಯಬೇಕು. ಈ ವೃತ್ತಿ ನನಗೆ ಕಲಿಸಿದ್ದು ಅಷ್ಟು.

ಅದೇ ವರ್ಷದ ದೀಪಾವಳಿ ಹತ್ತಿರ ಬಂದಿತ್ತು. ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದಾಗ ಲಲಿತಕ್ಕನ ಫೋನ್. ಅಷ್ಟು ಹೊತ್ತಿಗೆ ಅವರು ಮರಗಳ ನಡುವೆ ಇರಬೇಕಾದವರು. ಸೌಟು ಬಿಟ್ಟು ಫೋನ್ ಎತ್ತಿದೆ.

"ಅಕ್ಕ, ಕೂಗಿತು," ಎಂದರು. ಮೇಡಂ ಹೋಗಿ ಅಕ್ಕ ಆದದ್ದು ಅಂದೇ ಮೊದಲು. "ಕತ್ತಿ ಹಿಡ್ಕೊಂಡು ಮೆಟ್ಟಿಲು ಇಳೀತಿದ್ದೆ, ಹಾಗೇ ಒಳಗೆ ಬಂದೆ. ಈಗಷ್ಟೇ ನನ್ನ ಸಾಲು ದಾಟಿ ಕಾಡಿಗೆ ಹೋಯ್ತು, ಮರಿಯೂ ಉಂಟು."

ಹೆದರಿಕೆ ಆಯಿತೇ ಎಂದು ಕೇಳಿದೆ.

"ಎಂತ ಹೆದರುದು? ಚಾ ಕುಡಿದು ಹೊರಡ್ತೇನೆ. ಬಿಸಿಲೇರುವ ಮೊದಲು ಅರ್ಧ ಸಾಲಾದ್ರೂ ಗೀರ್ಬಹುದು."